ಫೀ ಜುಲೈಗೆ, ವಿದ್ಯಾರ್ಥಿವೇತನ ಮಾರ್ಚ್‌ಗೆ: ನಡುವಿನ ತಿಂಗಳುಗಳಲ್ಲಿ ಏನಾಗುತ್ತದೆ?

ಡಿಗ್ರಿ ಎರಡನೇ ವರ್ಷದಲ್ಲಿ ನನ್ನ ಹಾಲ್ ಟಿಕೆಟ್ ತಡೆಹಿಡಿದಿದ್ದರು. ಬಾಕಿ ಇದ್ದದ್ದು 2,200 ರೂಪಾಯಿ. ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಆ ನಾಲ್ಕು ದಿನದಲ್ಲಿ ಒಂದು ಅಧ್ಯಾಯವೂ ಓದಿ ಮುಗಿಸಲಿಲ್ಲ. ಪುಸ್ತಕ ತೆರೆದು ಕೂರುತ್ತಿದ್ದೆ, ಮನಸ್ಸು ಮಾತ್ರ ‘ಯಾರ ಹತ್ತಿರ ಕೇಳಲಿ’ ಅನ್ನುವಲ್ಲೇ ಸುತ್ತುತ್ತಿತ್ತು. ಕಾಕಾನ ಹಳೇ ಕೈಸಾಲವೇ ತೀರಿರಲಿಲ್ಲ. ರೂಮ್‌ಮೇಟ್ ಪಾಡೂ ನನ್ನ ಹಾಗೇ ಇತ್ತು. ಊರಿಗೆ ಫೋನ್ ಮಾಡೋಣ ಅಂದರೆ, ಅಪ್ಪ ಆಗಷ್ಟೇ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಸಿ ಬಂದಿದ್ದ.

ಕೊನೆಗೆ ದಾರಿ ತೋರಿಸಿದ್ದು ಧಾರವಾಡದಲ್ಲಿ ನಾವು ಊಟ ಮಾಡುತ್ತಿದ್ದ ಖಾನಾವಳಿಯ ಅಕ್ಕ. ತಿಂಗಳ ಊಟಕ್ಕೆಂದು ನನ್ನ ಹತ್ತಿರ 2,000 ಇತ್ತು. “ಅದನ್ನ ಈಗ ನನಗ ಕೊಡಬ್ಯಾಡ ತಮ್ಮಾ, ಕಾಲೇಜಿಗೆ ಕಟ್ಟು. ಪರೀಕ್ಷಾ ಮುಗಿದ ಮ್ಯಾಲ ನೋಡೂಣು” ಅಂದರು. ಉಳಿದ 200 ರೂಮ್‌ಮೇಟ್ ಕೊಟ್ಟ. ಅಕ್ಕ ನನಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ವಾಯಿದೆ ಮುಂದೆ ಹಾಕಿದ್ದರು ಅಷ್ಟೇ. ಅಷ್ಟಕ್ಕೇ ಆ ರಾತ್ರಿ ನನಗೆ ನಿದ್ದೆ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ವರ್ಷದ ನನ್ನ ವಿದ್ಯಾರ್ಥಿವೇತನ ಮಂಜೂರಾಗಿತ್ತು. ಖಾತೆಗೆ ಬಂದಿರಲಿಲ್ಲ. ಬರುವ ದಿನ ಯಾರಿಗೂ ಗೊತ್ತಿರಲಿಲ್ಲ.

ವಿದ್ಯಾರ್ಥಿಗಳ ಹಣದ ಕಷ್ಟ ಅಂದ ತಕ್ಷಣ ನಾವು ‘ಎಷ್ಟು ಬೇಕು, ಎಷ್ಟಿದೆ’ ಅಂತ ಲೆಕ್ಕ ಹಾಕುತ್ತೇವೆ. ಆ ಲೆಕ್ಕ ಬೇಕು, ನಿಜ. ಆದರೆ ಹುಡುಗರ ನಿದ್ದೆ, ಊಟ, ಓದನ್ನು ಹೆಚ್ಚು ಕೆಡಿಸುವುದು ಇನ್ನೊಂದು ಲೆಕ್ಕ: ದುಡ್ಡು ಯಾವಾಗ ಬೇಕು, ಯಾವಾಗ ಬರುತ್ತದೆ? ಇವೆರಡರ ನಡುವಿನ ತಿಂಗಳುಗಳಲ್ಲಿ ಏನಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಹೊಲದ ಲೆಕ್ಕ, ಕಾಲೇಜಿನ ಲೆಕ್ಕ

ನಮ್ಮದು ಗದಗ ಜಿಲ್ಲೆಯ ಎರೆಭೂಮಿ. ಅಲ್ಲಿ ಕೈಗೆ ಕಾಸು ಬರಲು ಅದರದ್ದೇ ಸಮಯ ಇದೆ. ಮುಂಗಾರಿಗೆ ಬಿತ್ತಿದ ಹೆಸರು ಮನೆಗೆ ಬರುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ಉಳ್ಳಾಗಡ್ಡಿ ಅದಕ್ಕೂ ತಡ. ಮೆಣಸಿನಕಾಯಿ ದುಡ್ಡು ನೋಡಬೇಕಾದರೆ ಸಂಕ್ರಾಂತಿ ದಾಟಬೇಕು. ಕಾಲೇಜು ಫೀ ಕೇಳುವುದು ಜೂನ್, ಜುಲೈ ಸುಮಾರಿಗೆ. ಅಂದರೆ ಬೀಜ, ಗೊಬ್ಬರ, ಗಳೇವು ಅಂತ ಮನೆಯ ಕಾಸೆಲ್ಲ ಹೊಲಕ್ಕೆ ಸುರಿದಾದ ಮೇಲೆ. ಗಾರೆ ಕೆಲಸದವರ ಮನೆಯಲ್ಲೂ ಅಷ್ಟೇ. ಮಳೆಗಾಲದಲ್ಲಿ ಅವರಿಗೆ ಕೆಲಸ ಸಿಗುವ ದಿನಗಳೇ ಕಡಿಮೆ.

ಮತ್ತೆ ಆ ಒಂದು ತಿಂಗಳಿಗೆ ಬರೀ ಫೀ ಅಲ್ಲ. ರೂಮಿನ ಅಡ್ವಾನ್ಸ್, ಪುಸ್ತಕ, ಬಸ್ ಪಾಸ್, ಲ್ಯಾಬ್ ಕೋಟು, ಹಾಸಿಗೆ, ಬಕೆಟ್ಟು ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ವರ್ಷವಿಡೀ ಹಂಚಿಕೊಂಡರೆ ಹೇಗೋ ನಿಭಾಯಿಸಬಹುದಾದ ಮೊತ್ತ, ಎರಡು ವಾರದಲ್ಲಿ ಬೇಕು ಅಂದಾಗ ಬೆಟ್ಟ ಆಗುತ್ತದೆ.

ಆಗ ಮನೆಯವರು ಏನು ಮಾಡುತ್ತಾರೆ? ಹೆಚ್ಚಿನ ಮನೆಗಳಲ್ಲಿ ಅವ್ವ ಸಂಘದಿಂದ ಸಾಲ ಎತ್ತುತ್ತಾಳೆ. ಇಲ್ಲವೇ ಮೈಕ್ರೋಫೈನಾನ್ಸ್‌ನವರ ಹತ್ತಿರ ಹೋಗುತ್ತಾಳೆ. ಅದರ ಕಂತು ವಾರ ವಾರವೂ ಕಟ್ಟಬೇಕು. ಮಗ ಅಥವಾ ಮಗಳು ಕ್ಲಾಸಿನಲ್ಲಿ ಕೂತಿರುವಾಗ, ‘ಇವತ್ತು ಮಂಗಳವಾರ, ಅವ್ವನಿಗೆ ಕಂತಿನ ದಿನ’ ಅನ್ನುವುದು ತಲೆಯ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತ್ತೆಂದರೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳಲ್ಲಿ ಮಕ್ಕಳ ಓದಿಗೆಂದು ಎತ್ತಿದವೂ ಇದ್ದವು ಅನ್ನುವುದನ್ನು ನಾವು ಮರೆಯಬಾರದು.

ದೇಶದ ದೊಡ್ಡ ಕಾಲೇಜುಗಳಲ್ಲೂ ಈ ಗಡುವಿನ ಪೆಟ್ಟು ಕಾಣುತ್ತದೆ. 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗನಿಗೆ ಧನಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತ್ತು. ಸೀಟು ಉಳಿಸಿಕೊಳ್ಳಲು 17,500 ರೂಪಾಯಿ ಕಟ್ಟಬೇಕಿತ್ತು. ದುಡ್ಡು ಹೊಂದಿಸುವಷ್ಟರಲ್ಲಿ ಗಡುವು ಮುಗಿಯುತ್ತಾ ಬಂದಿತ್ತು, ಕೊನೇ ನಿಮಿಷಗಳಲ್ಲಿ ಪೋರ್ಟಲ್ ಮುಚ್ಚಿತು, ಸೀಟು ಹೋಯಿತು. ಆ ಹುಡುಗ ಸುಪ್ರೀಂ ಕೋರ್ಟ್‌ವರೆಗೂ ಹೋದ. ಸೆಪ್ಟೆಂಬರ್ 30ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಪೂರ್ಣ ನ್ಯಾಯ ಒದಗಿಸಲು ಸುಪ್ರೀಂ ಕೋರ್ಟಿಗೆ ವಿಶೇಷ ಅಧಿಕಾರ ಕೊಡುವ ಸಂವಿಧಾನದ 142ನೇ ವಿಧಿ ಬಳಸಿ ಅವನಿಗೆ ಸೀಟು ಕೊಡಿಸಿತು. ಗಮನಿಸಿ, ದುಡ್ಡು ಹೊಂದಿತ್ತು. ತಡವಾಗಿ ಹೊಂದಿತ್ತು. ಎಷ್ಟು ಹುಡುಗರಿಗೆ ಸುಪ್ರೀಂ ಕೋರ್ಟ್ ಬಾಗಿಲು ತಟ್ಟಲು ಆಗುತ್ತದೆ ಹೇಳಿ?

ವಿದ್ಯಾರ್ಥಿವೇತನ ಎಲ್ಲೆಲ್ಲಿ ನಿಲ್ಲುತ್ತದೆ

ಕರ್ನಾಟಕದಲ್ಲಿ ಯೋಜನೆಗಳಿಗೆ ಬರ ಇಲ್ಲ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಇದೆ. ಶುರುವಾದಾಗ ಊಟ, ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ನಿಗದಿ ಮಾಡಿದ್ದರು. 2021ರಲ್ಲಿ ಬಂದ ‘ರೈತ ವಿದ್ಯಾನಿಧಿ’ಯಲ್ಲಿ ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಅಂತ ಇಟ್ಟಿದ್ದರು. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರ ಓದುವವರಿಗೆ 10,000 ಮತ್ತು 11,000. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಸಹಾಯಧನ ಇದೆ. ಆದರೆ 2023ರಲ್ಲಿ ಆ ಸಹಾಯಧನವನ್ನು ಒಂದೇ ಸಲಕ್ಕೆ ತುಂಬ ಇಳಿಸಿಬಿಟ್ಟರು. ಅದನ್ನೇ ನಂಬಿ ಕಾಲೇಜು ಸೇರಿದ್ದ ಮಕ್ಕಳು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಈ ದುಡ್ಡು ಬರುವ ದಾರಿ ಉದ್ದ. ಮೊದಲು ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ. ಅದರ ಆರ್‌ಡಿ ನಂಬರ್ ಹಿಡಿದು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಅದಕ್ಕೆ ಸೈಬರ್ ಸೆಂಟರ್‌ನಲ್ಲಿ ಪಾಳಿ. ಆಮೇಲೆ ಕಾಲೇಜು ತನ್ನ ವಿದ್ಯಾರ್ಥಿ ಹೌದು ಅಂತ ದೃಢೀಕರಿಸಬೇಕು, ಇಲಾಖೆ ಒಪ್ಪಬೇಕು, ಹಣ ಬಿಡುಗಡೆ ಆಗಬೇಕು. ಒಂದು ಕಡೆ ನಿಂತರೂ ಮುಂದಿನದೆಲ್ಲ ನಿಲ್ಲುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದಲ್ಲಿ 2020–21ರಿಂದ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ ಪಾಲು ನೇರವಾಗಿ ಖಾತೆಗೆ ಬರುತ್ತದೆ. ಹಾಗಾಗಿ ಒಂದೇ ವರ್ಷದ ಹಣ ಎರಡು ಹೊತ್ತಿನಲ್ಲಿ ಬರುವುದುಂಟು. ‘ಅರ್ಧ ಬಂದಿದೆ, ಇನ್ನರ್ಧ ಯಾವಾಗ?’ ಅಂತ ಕೇಳಿದರೆ ಕಾಲೇಜಿನ ಕಚೇರಿಯಲ್ಲಿ ಕೂತವರಿಗೂ ಉತ್ತರ ಗೊತ್ತಿರುವುದಿಲ್ಲ.

ಕೊನೆಯ ಹೆಜ್ಜೆಯಲ್ಲಿ ಒಂದು ಸಣ್ಣ ಮುಳ್ಳಿದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಹುಡುಗರು ಇಲ್ಲೇ ಎಡವುತ್ತಾರೆ. ‘ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೀನಲ್ಲ’ ಅಂತ ಸುಮ್ನೆ ಇರುತ್ತಾರೆ. ಖಾತೆ ತೆರೆಯುವಾಗ ಗುರುತಿಗೆಂದು ಆಧಾರ್ ಕೊಡುವುದು ಬೇರೆ, ಸರ್ಕಾರದ ಹಣ ಬರಲು ಆಧಾರನ್ನು ಖಾತೆಗೆ ಜೋಡಿಸುವುದು ಬೇರೆ. ಎರಡನೆಯದನ್ನು ನಮ್ಮ ಕಡೆ ಎಲ್ಲರೂ ‘ಎನ್‌ಪಿಸಿಐ ಮಾಡಿಸೋದು’ ಅನ್ನುತ್ತಾರೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಹೀಗೆ ಜೋಡಣೆ ಆಗಿರುತ್ತದೆ. ಕೊನೆಗೆ ಯಾವ ಬ್ಯಾಂಕಿನಲ್ಲಿ ಮಾಡಿಸಿದ್ದೀರೋ ಹಣ ಅಲ್ಲಿಗೇ ಹೋಗುತ್ತದೆ. ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಗೆ ಹಣ ಹೋಗಿ ಕೂತದ್ದನ್ನು ನಾನೇ ನೋಡಿದ್ದೇನೆ. ಆ ಹುಡುಗಿ ಆರು ತಿಂಗಳು ‘ಬಂದಿಲ್ಲ’ ಅಂತ ಅಳುತ್ತಿದ್ದಳು. ಆಧಾರ್‌ನ ಜಾಲತಾಣದಲ್ಲಿ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಬಹುದು. ಅರ್ಜಿ ಹಾಕುವ ಮೊದಲೇ ನೋಡಿ.

ತಲೆಯ ಮೇಲೆ ಕೊಡ, ಕೈಯಲ್ಲಿ ಸೂಜಿ

ಕಾಯುವ ಈ ತಿಂಗಳುಗಳಲ್ಲಿ ಮನಸ್ಸಿಗೆ ಏನಾಗುತ್ತದೆ? ಇದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ಒಂದು ಒಳ್ಳೆಯ ಅಧ್ಯಯನ ನಡೆದಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಎಂಬ ನಾಲ್ವರು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಪರೀಕ್ಷಿಸಿದರು. ಫಲಿತಾಂಶ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕಬ್ಬಿನವರಿಗೆ ದುಡ್ಡು ಬರುವುದು ಕಟಾವಿನ ಹೊತ್ತಿಗೆ, ವರ್ಷಕ್ಕೊಮ್ಮೆ. ಹಾಗಾಗಿ ಅದೇ ಮನುಷ್ಯ ಕಟಾವಿಗೆ ಮುಂಚೆ ಬಡವ, ಕಟಾವಿನ ಮೇಲೆ ಸ್ವಲ್ಪ ಅನುಕೂಲಸ್ಥ. ಎರಡೂ ಹೊತ್ತಿನಲ್ಲಿ ಅದೇ ರೈತನಿಗೆ ಯೋಚನಾಶಕ್ತಿಯ ಪರೀಕ್ಷೆ ಕೊಟ್ಟು ನೋಡಿದರು. ಕಟಾವಿಗೆ ಮುಂಚೆ ಅಂಕ ಕಡಿಮೆ, ಆಮೇಲೆ ಜಾಸ್ತಿ.

ಮನುಷ್ಯ ಅವನೇ, ಬುದ್ಧಿಯೂ ಅದೇ. ಬದಲಾದದ್ದು ತಲೆಯ ಮೇಲಿನ ಭಾರ. ತಲೆ ಮೇಲೆ ತುಂಬಿದ ಕೊಡ ಹೊತ್ತವರಿಗೆ ಸೂಜಿಗೆ ದಾರ ಪೋಣಿಸು ಅಂದರೆ ಹೇಗೆ? ಕೈ ಬರುವುದಿಲ್ಲ ಅಂತಲ್ಲ. ಗಮನ ಅರ್ಧ ಕೊಡದ ಮೇಲೆ ಇರುತ್ತದೆ. ಒಂದು ಅಧ್ಯಯನದಿಂದ ಎಲ್ಲವನ್ನೂ ಹೇಳಲಾಗದು, ಒಪ್ಪುತ್ತೇನೆ. ಆದರೆ ಹಾಲ್ ಟಿಕೆಟ್ ಇಲ್ಲದೆ ಪುಸ್ತಕದ ಮುಂದೆ ಕೂತ ಆ ನಾಲ್ಕು ದಿನ ನನಗೆ ಆದದ್ದು ಇದೇ. ಮನೆಯಲ್ಲಿ ಕಬ್ಬಿನ ಬಿಲ್ ಬಾರದ ಮಂಡ್ಯ, ಬೆಳಗಾವಿಯ ಹುಡುಗರೂ ಇದನ್ನು ಓದುತ್ತಾ ತಲೆಯಾಡಿಸಿಯಾರು.

ಮೇಷ್ಟ್ರಿಗೆ ಹೊರಗಿನಿಂದ ಕಾಣುವುದು ಬೇರೆ. ‘ಹುಡುಗ ಚುರುಕಾಗಿದ್ದ, ಈಗ ಆಸಕ್ತಿ ಇಲ್ಲ’ ಅನ್ನುತ್ತಾರೆ. ಅಸೈನ್‌ಮೆಂಟ್ ಮರೆಯುತ್ತಾನೆ, ತಡವಾಗಿ ಬರುತ್ತಾನೆ, ಹಿಂದಿನ ಬೆಂಚಿಗೆ ಹೋಗುತ್ತಾನೆ. ಇದನ್ನು ಸೋಮಾರಿತನ ಅಂತ ಬರೆದುಬಿಟ್ಟರೆ ಕಷ್ಟದ ಬೇರು ಅಲ್ಲೇ ಮುಚ್ಚಿಹೋಗುತ್ತದೆ.

ಭಾರ ದೇಹಕ್ಕೂ ಇಳಿಯುತ್ತದೆ. ದುಡ್ಡು ಉಳಿಸಲು ಹುಡುಗರು ಮೊದಲು ಕೈಹಾಕುವುದು ಊಟಕ್ಕೆ. ಬೆಳಗಿನ ತಿಂಡಿ ಬಿಡುತ್ತಾರೆ, ಮಧ್ಯಾಹ್ನ ಚಹಾ ಬಿಸ್ಕತ್ತಿನಲ್ಲಿ ಮುಗಿಸುತ್ತಾರೆ. ಎರಡನೆಯದು ನಿದ್ದೆ. ಬೆಂಗಳೂರಿನಲ್ಲಿ ಓದುವ ಎಷ್ಟೋ ಹುಡುಗರು ಮದುವೆ ಸೀಸನ್‌ನಲ್ಲಿ ಕೇಟರಿಂಗ್‌ಗೆ ಹೋಗುತ್ತಾರೆ. ರಾತ್ರಿಯಿಡೀ ಬಡಿಸಿ, ಬೆಳಗ್ಗೆ ಅದೇ ಕಣ್ಣಲ್ಲಿ ಕ್ಲಾಸಿಗೆ ಬರುತ್ತಾರೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರಲು ನಿದ್ದೆ ಬೇಕೇ ಬೇಕು. ಅದು ತಪ್ಪಿದರೆ ಓದಿದ್ದೂ ಉಳಿಯುವುದಿಲ್ಲ, ಸಿಟ್ಟು, ಅಳು ಎರಡೂ ಬೇಗ ಬರುತ್ತವೆ. ಆಮೇಲೆ ಒಂದು ವಿಷಯ ಬ್ಯಾಕ್ ಉಳಿಯುತ್ತದೆ. ಮರುಪರೀಕ್ಷೆಗೆ ಮತ್ತೆ ಫೀ. ಕೆಲವು ವಿದ್ಯಾರ್ಥಿವೇತನಗಳಿಗೆ ಹಿಂದಿನ ವರ್ಷ ಪಾಸಾಗಿರಬೇಕು ಅನ್ನುವ ಷರತ್ತಿದೆ, ಅದೂ ಕೈತಪ್ಪುತ್ತದೆ. ಹಣ ಇಲ್ಲದ್ದಕ್ಕೆ ಅಂಕ ಹೋಯಿತು, ಅಂಕ ಹೋದದ್ದಕ್ಕೆ ಹಣ ಹೋಯಿತು.

“ಊಟ ಆಯ್ತು”

ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ನೋಯಿಸುವುದು ನಾಚಿಕೆ. ಹಸಿವನ್ನು ತಡೆದುಕೊಳ್ಳಬಹುದು. ಹಸಿದಿದ್ದೇನೆ ಅಂತ ಹೇಳುವುದು ಕಷ್ಟ. “ಊಟ ಆಯ್ತಾ?” ಅಂದರೆ “ಆಯ್ತು” ಅನ್ನುತ್ತೇವೆ. ಗೆಳೆಯನ ಹುಟ್ಟುಹಬ್ಬಕ್ಕೆ ಎಲ್ಲರೂ ದುಡ್ಡು ಹಾಕುವಾಗ ‘ಊರಿಗೆ ಹೋಗಬೇಕು’ ಅಂತ ನೆಪ ಹೇಳುತ್ತೇವೆ. ಕಾಲೇಜಿನ ಪ್ರವಾಸಕ್ಕೆ ‘ನನಗೆ ಬಸ್ಸು ಆಗಿಬರಲ್ಲ’ ಅನ್ನುತ್ತೇವೆ. ಹೀಗೆ ನಾಲ್ಕು ಸಲ ಆದರೆ ಐದನೇ ಸಲ ಯಾರೂ ಕರೆಯುವುದಿಲ್ಲ. ಹಣದ ಕಷ್ಟ ಒಂಟಿತನ ಆಗುವುದು ಹೀಗೆ, ಸದ್ದಿಲ್ಲದೆ.

ಮನೆಗೆ ಮಾಡುವ ಫೋನಿನಲ್ಲೂ ಇದೇ ನಡೆಯುತ್ತದೆ. “ರೊಕ್ಕ ಐತೇನೋ?” ಅಂತ ಅವ್ವ ಕೇಳುತ್ತಾಳೆ. “ಐತಿ ಬಿಡಬೇ” ಅನ್ನುತ್ತೇವೆ. “ಅಪ್ಪ ಹ್ಯಾಂಗದಾನ?” ಅಂದರೆ ಅವಳು “ಆರಾಮ ಅದಾನ” ಅನ್ನುತ್ತಾಳೆ. ಮಳೆ ಹೋದದ್ದನ್ನು ಅವಳು ಮುಚ್ಚಿಡುತ್ತಾಳೆ, ಮೆಸ್ ಬಿಲ್ ಉಳಿದದ್ದನ್ನು ನಾವು ಮುಚ್ಚಿಡುತ್ತೇವೆ. ಇಬ್ಬರದೂ ಪ್ರೀತಿಯೇ. ಆದರೆ ಫೋನ್ ಇಟ್ಟ ಮೇಲೆ ಇಬ್ಬರಿಗೂ ಮೊದಲಿಗಿಂತ ಭಾರ.

ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇನ್ನೂ ಒಂದು ಹೊರೆ ಇದೆ. ತಂಗಿಯ ಓದು ನಿಲ್ಲಿಸಿ ನನ್ನನ್ನು ಕಳಿಸಿದ್ದಾರೆ, ಹೊಲ ಅಡ ಇಟ್ಟಿದ್ದಾರೆ, ನಾನು ಫೇಲಾದರೆ? ಇಂಥ ಪ್ರಶ್ನೆ ರಾತ್ರಿ ಎರಡು ಗಂಟೆಗೆ ಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಪ್ರತಿ ಸಾವಿನ ಹಿಂದೆಯೂ ಹಲವು ಕಾರಣಗಳಿರುತ್ತವೆ, ಎಲ್ಲವನ್ನೂ ಹಣದ ತಲೆಗೆ ಕಟ್ಟುವುದು ತಪ್ಪು. ಆದರೆ ಆಗಲೇ ನೋಯುತ್ತಿರುವ ಮನಸ್ಸಿನ ಮೇಲೆ ಸಾಲ, ನಾಚಿಕೆ, ಗಡುವು ಮೂರೂ ಕೂತರೆ ಅದು ಎಷ್ಟು ತಡೆದೀತು? 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದೇ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಕಾರ್ಯಪಡೆ ರಚಿಸಿತು. ವಿಷಯ ಅಷ್ಟು ಗಂಭೀರವಾಗಿದೆ.

ಈ ಸಾಲುಗಳನ್ನು ಓದುತ್ತಿರುವ ನಿಮಗೇ ಬದುಕು ಸಾಕು ಅನ್ನಿಸುತ್ತಿದ್ದರೆ, ದಯವಿಟ್ಟು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಇದರ ಬೆನ್ನಿಗಿದೆ. ಹಣದ ಚಿಂತೆ ಹೇಳಿಕೊಳ್ಳಲು ಇದಕ್ಕೆ ಕರೆ ಮಾಡಬಹುದಾ ಅಂತ ಅಳುಕಬೇಡಿ. ಖಂಡಿತ ಮಾಡಬಹುದು.

ಸಾಲ ಮಾಡುವ ಮುಂಚೆ ಒಂದು ಲೆಕ್ಕ

ಶಿಕ್ಷಣ ಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ‘ಅಲ್ಲಿವರೆಗೆ ಬಡ್ಡಿ ಇಲ್ಲ’ ಅಂತ ಅನೇಕರು ತಿಳಿದಿದ್ದಾರೆ. ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ತೆಗೆದಿರಿ, ಬಡ್ಡಿ ಶೇ 10 ಅಂದುಕೊಳ್ಳಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000. ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1,40,000. ಅಂದರೆ ಕಂತು ಶುರುವಾಗುವ ದಿನ ಸಾಲ 5,40,000. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100. ಮೊದಲ ಸಂಬಳ 18,000 ಆದರೆ ಉಳಿಯುವುದೆಷ್ಟು, ನೀವೇ ನೋಡಿ.

ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದರೆ, ಆ ಮೊದಲ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ 2009ರಿಂದ ಇದೆ. ಅದು ಎಲ್ಲ ಕೋರ್ಸಿಗೂ ಸಿಗುವುದಿಲ್ಲ, ನಿಮ್ಮ ಕೋರ್ಸಿಗೆ ಇದೆಯೇ ಅಂತ ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ. ಆದಾಯ ಪತ್ರ ಕೊಡದಿದ್ದರೆ ಅದು ತಾನಾಗಿ ಬರುವುದಿಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ‘ಪಿಎಂ ವಿದ್ಯಾಲಕ್ಷ್ಮಿ’ಯಲ್ಲಿ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದವರೆಗೆ ಇರುವವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿ. ಮೊದಲ ಪಟ್ಟಿಯಲ್ಲಿ ಇದ್ದದ್ದು ಇಡೀ ದೇಶದ 860 ಸಂಸ್ಥೆಗಳು ಮಾತ್ರ. ತಾಲ್ಲೂಕಿನ ಡಿಗ್ರಿ ಕಾಲೇಜಿನ ಹುಡುಗಿಗೆ ಇದರಿಂದ ಏನೂ ಇಲ್ಲ.

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಬಗ್ಗೆ ಒಂದೇ ಮಾತು: ಬೇಡ. ಅವುಗಳಲ್ಲಿ ಎಷ್ಟೋ ಆ್ಯಪ್‌ಗಳು ಮೊದಲು ಕೇಳುವುದು ನಿಮ್ಮ ಫೋನಿನಲ್ಲಿರುವ ನಂಬರ್‌ಗಳನ್ನು. ಕಂತು ತಪ್ಪಿದ ದಿನ ಅವೇ ನಂಬರ್‌ಗಳಿಗೆ ಕರೆ ಹೋಗುತ್ತದೆ.

ಕಾಯಿಸದ ನೆರವು

ನಮ್ಮ ಹಿರಿಯರು ಈ ಕಷ್ಟ ಬಲ್ಲವರು. ಒಂದು ಕಾಲಕ್ಕೆ ಬಡ ಹುಡುಗರು ವಾರಾನ್ನ ಮಾಡಿ ಓದಿದರು, ದಿನಕ್ಕೊಂದು ಮನೆಯಲ್ಲಿ ಊಟ. ಅದರಲ್ಲಿ ಅವಮಾನವೂ ಇತ್ತು, ಜಾತಿಯ ಗೆರೆಯೂ ಇತ್ತು. ಆಮೇಲೆ ಉಚಿತ ಪ್ರಸಾದ ನಿಲಯಗಳು ಬಂದವು. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಣ್ಣುತ್ತಾರೆ. ನಮ್ಮ ಕಡೆ ಹಳ್ಳಿಯ ತಾಯಂದಿರು ರೊಟ್ಟಿ ಪಲ್ಯದ ಬುತ್ತಿ ಕಟ್ಟಿ ಬೆಳಗಿನ ಬಸ್ಸಿಗೆ ಇಡುತ್ತಾರೆ. ಪಟ್ಟಣದಲ್ಲಿ ಮಕ್ಕಳು ಬಸ್‌ಸ್ಟ್ಯಾಂಡಿಗೆ ಬಂದು ತಮ್ಮ ಗಂಟು ಹುಡುಕಿಕೊಳ್ಳುತ್ತಾರೆ. ಇವೆಲ್ಲ ದಿನದ ಹಸಿವಿಗೆ ಆ ದಿನವೇ ಒದಗುತ್ತವೆ. 2023ರ ಜೂನ್‌ನಲ್ಲಿ ಶುರುವಾದ ‘ಶಕ್ತಿ’ ಕೂಡ ಹಾಗೇ. ಹುಡುಗಿ ಬಸ್ಸು ಹತ್ತಿದಾಗಲೇ ಟಿಕೆಟ್ ಉಚಿತ. ‘ಈಗ ಕೊಟ್ಟಿರು, ಮಾರ್ಚ್‌ನಲ್ಲಿ ವಾಪಸ್ ಬರುತ್ತದೆ’ ಅಂದಿದ್ದರೆ ಎಷ್ಟು ಹುಡುಗಿಯರು ಬಸ್ಸು ಹತ್ತುತ್ತಿದ್ದರು?

ಹಾಗಾಗಿ ಕಾಲೇಜು ನಡೆಸುವವರಿಗೆ ನನ್ನದೊಂದು ಕೋರಿಕೆ. ಮಂಜೂರಾತಿ ಇದ್ದವರ ಫೀಯನ್ನು ಹಣ ಬರುವವರೆಗೆ ತಡೆದುಕೊಳ್ಳಿ. ಉಳಿದವರಿಗೆ ಕಂತು ಮಾಡಿಕೊಡಿ. ಹಾಲ್ ಟಿಕೆಟ್ ಹಿಡಿದಿಟ್ಟು ವಸೂಲಿ ಮಾಡಬೇಡಿ. ಎರಡು ಮೂರು ಸಾವಿರ ರೂಪಾಯಿಯನ್ನು ಅರ್ಜಿ, ಜಾಮೀನು ಕೇಳದೆ ಅದೇ ದಿನ ಕೈಗೆ ಕೊಡುವ ಸಣ್ಣ ನಿಧಿಯೊಂದನ್ನು ಹಳೇ ವಿದ್ಯಾರ್ಥಿಗಳು ಸೇರಿ ಇಟ್ಟರೆ ಎಷ್ಟೋ ಹುಡುಗರ ಸೆಮಿಸ್ಟರ್ ಉಳಿಯುತ್ತದೆ.

ವಿದ್ಯಾರ್ಥಿಗಳೇ, ನೀವು ಸೆಮಿಸ್ಟರ್ ಕೊನೆಯವರೆಗೆ ಕಾಯದೆ ಮೊದಲ ವಾರದಲ್ಲೇ ಹೋಗಿ ಪ್ರಾಂಶುಪಾಲರ ಹತ್ತಿರ ಕಂತು ಕೇಳಿ, ಅರ್ಜಿಯಲ್ಲಿ ಬರೆದು ಕೊಡಿ. ಫೀ ಬಾಕಿ ಅಂತ ನಿಮ್ಮ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳಬಾರದೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಬೇರೆ ಕಾಲೇಜಿಗೂ ಹೋಗಲಾಗದೆ, ಇಲ್ಲೂ ಓದಲಾಗದೆ ಮನೆಗೆ ಹೋಗಿಬಿಡುತ್ತಾರೆ. ಮತ್ತೆ ಒಬ್ಬರಿಗಾದರೂ ನಿಜ ಹೇಳಿ. ನಾನು ಖಾನಾವಳಿಯ ಅಕ್ಕನಿಗೆ ಹೇಳಿದ್ದೂ ನಾನಾಗಿ ಅಲ್ಲ. ಎರಡನೇ ರೊಟ್ಟಿಗೆ ಕೈ ನಿಂತಿತ್ತು, “ಯಾಕೋ, ಏನಾತು?” ಅಂತ ಅವರೇ ಕೇಳಿದ್ದರು.

ಅವರ 2,000ವನ್ನು ಆ ವರ್ಷ ಹೆಸರು ಮಾರಿದ ಮೇಲೆ ತೀರಿಸಿದೆ. ಆ ವರ್ಷದ ವಿದ್ಯಾರ್ಥಿವೇತನ ಜಮೆ ಆದ ಮೆಸೇಜ್ ಬಂದಾಗ ನಾನು ಮೂರನೇ ವರ್ಷದ ಕೊನೇ ಪರೀಕ್ಷೆ ಬರೆದು ಊರಿನ ಬಸ್ಸಿನಲ್ಲಿ ಕೂತಿದ್ದೆ.